ಒಂದೇ ಸಲ ಹೋಗಿ ಬರುವ ಕೌನ್ಸೆಲಿಂಗ್‌ನಿಂದ ಪ್ರಯೋಜನ ಆಗುತ್ತಾ?

ತಿಪಟೂರು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಹತ್ತನೇ ತರಗತಿ ನನ್ನ ಕೈಯಲ್ಲಿದೆ. ಡಿಸೆಂಬರ್ ಬಂತು ಅಂದರೆ ಫಲಿತಾಂಶದ ಮಾತು ಶುರು. ಹೋದ ವರ್ಷ ಶೇಕಡಾ ಎಷ್ಟು, ಈ ವರ್ಷ ಎಷ್ಟು, ಯಾವ ಮಕ್ಕಳು ಪಾಸಾಗೋದು ಕಷ್ಟ, ಅವರ ಪಟ್ಟಿ ಎಲ್ಲಿ. ಕೆಲವು ತಿಂಗಳಿಂದ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರ ಆಗಿಬಿಡುತ್ತೆ. ಎದೆ ಡವಡವ ಅನ್ನುತ್ತೆ, ಆಮೇಲೆ ನಿದ್ದೆ ಹತ್ತಲ್ಲ. ಶಾಲೆಗೆ ಹೋಗುತ್ತೇನೆ, ಪಾಠ ಮಾಡುತ್ತೇನೆ, ಮನೆಗೆ ಬಂದು ಅಡುಗೆಯನ್ನೂ ಮಾಡುತ್ತೇನೆ. ಯಾವ ಕೆಲಸವೂ ನಿಂತಿಲ್ಲ. ಆದರೆ ಯಾವುದರಲ್ಲೂ ಮನಸ್ಸಿಲ್ಲ. ಸಂಜೆಯ ಸಂಗೀತ ಕ್ಲಾಸನ್ನೂ ಬಿಟ್ಟಿದ್ದೇನೆ.

ಡಾಕ್ಟರಿಗೆ ತೋರಿಸಿದೆ. ಒಂದು ಪ್ರಶ್ನೆಗಳ ಹಾಳೆ ಕೊಟ್ಟು ಗುರುತು ಹಾಕಿಸಿದರು. ಮೊತ್ತ 8 ಬಂತು. "ಸೌಮ್ಯ ಮಟ್ಟದ ಖಿನ್ನತೆ, ಜೊತೆಗೆ ಆತಂಕ. ಮಾತ್ರೆ ಈಗಲೇ ಬೇಡ, ಕೌನ್ಸೆಲಿಂಗ್ ತೊಗೊಳ್ಳಿ" ಅಂದರು. ತುಮಕೂರಿನಲ್ಲಿ ಒಬ್ಬರನ್ನು ವಿಚಾರಿಸಿದೆ. ವಾರಕ್ಕೊಂದರಂತೆ ಎಂಟು ಸಲ ಬರಬೇಕಂತೆ. ಹೋಗಿ ಬರುವಷ್ಟರಲ್ಲಿ ಒಂದು ದಿನ ಮುಗಿಯುತ್ತೆ. ಪರೀಕ್ಷೆ ಹತ್ತಿರ ಇರುವಾಗ ವಾರ ವಾರ ರಜೆ ಯಾರು ಕೊಡುತ್ತಾರೆ? ಮೆಲ್ಬರ್ನ್‌ನಲ್ಲಿರುವ ನನ್ನ ದೊಡ್ಡಪ್ಪನ ಮಗಳು, "ಇಲ್ಲಿ ಒಂದೇ ಸೆಷನ್ನಿನ ಥೆರಪಿ ಅಂತ ಇದೆ, ಅದು ಸಿಗುತ್ತಾ ಕೇಳು" ಅಂತಿದ್ದಾಳೆ. ನಿಜವಾಗಿಯೂ ಇಂಥದ್ದೊಂದು ಇದೆಯಾ? ಒಂದು ಗಂಟೆಯಲ್ಲಿ ಏನಾಗಲು ಸಾಧ್ಯ? ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರು ಆಪ್ತಸಮಾಲೋಚಕಿ

ಟೀಚರ್, ಇದೆ. ನಾನು ಇದೇ ಕೆಲಸದಲ್ಲಿರುವವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1980ರ ದಶಕದಲ್ಲಿ ಮೋಶೆ ಟಾಲ್ಮನ್ ಎಂಬ ಇಸ್ರೇಲಿ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿನ ದಾಖಲೆ ತೆಗೆದು ನೋಡಿದಾಗ ಒಂದು ವಿಷಯ ಕಂಡಿತು. ಚಿಕಿತ್ಸಕರು ಯಾರೇ ಇರಲಿ, ಅವರ ವಿಧಾನ ಯಾವುದೇ ಇರಲಿ, ಜನ ಅತಿ ಹೆಚ್ಚಾಗಿ ಬಂದದ್ದು ಒಂದೇ ಸಲ. ಮತ್ತೆ ಬಾರದವರನ್ನು ನಮ್ಮ ವೃತ್ತಿಯಲ್ಲಿ "ಅರ್ಧಕ್ಕೆ ಬಿಟ್ಟವರು" ಅಂತ ಲೆಕ್ಕ ಹಾಕುವುದು ರೂಢಿ. ಟಾಲ್ಮನ್ ಹಾಗೆ ಬಿಡದೆ, ಒಂದೇ ಸಲ ಬಂದು ಹೋದ ತಮ್ಮದೇ ಸುಮಾರು 200 ಮಂದಿಗೆ ಫೋನ್ ಮಾಡಿ ವಿಚಾರಿಸಿದರು. ನೂರಕ್ಕೆ 78 ಮಂದಿ, ಬೇಕಾದದ್ದು ಸಿಕ್ಕಿತು, ಈಗ ಪರವಾಗಿಲ್ಲ ಅಂದರು.

ಆಮೇಲೆ ಅವರು ಮೈಕಲ್ ಹೋಯ್ಟ್ ಮತ್ತು ರಾಬರ್ಟ್ ರೋಸೆನ್‌ಬಾಮ್ ಎಂಬ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ, ಮೊದಲ ಭೇಟಿಯನ್ನೇ ಪೂರ್ತಿ ಚಿಕಿತ್ಸೆಯ ಹಾಗೆ ಕಟ್ಟಿ ನೋಡಿದರು. ಇನ್ನೂ ಬೇಕಾದರೆ ಬರಬಹುದು ಅಂತ ಎಲ್ಲರಿಗೂ ಹೇಳಿದ್ದರು. 58 ಮಂದಿಯಲ್ಲಿ 34 ಮಂದಿ ಒಂದೇ ಸಾಕು ಅಂದರು. 1990ರಲ್ಲಿ ಟಾಲ್ಮನ್ ಇದನ್ನು ಪುಸ್ತಕವಾಗಿ ಬರೆದ ಮೇಲೆ ಬೇರೆ ದೇಶದವರೂ ಶುರುಮಾಡಿದರು.

ನನ್ನ ಮಾತು ಇಷ್ಟೇ. ನಮ್ಮಲ್ಲೂ ಬಹಳ ಜನ ಒಂದೇ ಸಲ ಬರುತ್ತಾರೆ. ದೂರ, ದುಡ್ಡು, ರಜೆ, ಮನೆಯವರು ಏನಂತಾರೋ ಅನ್ನುವ ಭಯ, ಇವೆಲ್ಲ ಕಾರಣ. ಹಾಗಿರುವಾಗ ಆ ಒಂದು ಗಂಟೆಯನ್ನು ಹೆಸರು, ವಯಸ್ಸು, ಮನೆತನದ ಇತಿಹಾಸ ಬರೆದುಕೊಳ್ಳಲು ಖರ್ಚು ಮಾಡಿ, "ಮುಂದಿನ ವಾರ ಬನ್ನಿ, ಆಗ ಶುರುಮಾಡೋಣ" ಅಂತ ಕಳಿಸಿದರೆ ಧಾರಾವಾಹಿಯ ಮೊದಲ ಕಂತು ತೋರಿಸಿ ಕಳಿಸಿದ ಹಾಗಾಗುತ್ತೆ. ಬಂದವರು ಖಾಲಿ ಕೈಯಲ್ಲಿ ಬಸ್ ಹತ್ತುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತೆ. ಜನ ಒಂದೇ ಸಲ ಬರುವುದಾದರೆ ಆ ಒಂದು ಸಲವೇ ತುಂಬಿರಬೇಕು.

ಧಾರವಾಡದ ರಾಘು

ನಮಸ್ಕಾರ್ರೀ ಎಲ್ಲಾರಿಗೂ. ಮೇಡಂ ಹೇಳಿದ್ದು ಓದಿದೆ. ಆದರೆ ನಾನು ಒಂದು ಮಾತು ಹೇಳಲೇಬೇಕು. ನನಗೆ ಬಂದದ್ದು ಸೌಮ್ಯ ಖಿನ್ನತೆ ಅಲ್ಲ. ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಬದುಕುವುದೇ ಬೇಡ ಅನ್ನಿಸಿತ್ತು. ಆಗ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಒಂದು ತಾಸು ಮಾತಾಡಿ, "ಪಾಸಿಟಿವ್ ಇರಿ, ವಾಕಿಂಗ್ ಮಾಡಿ, ಎಲ್ಲಾ ಸರಿಹೋಗುತ್ತೆ" ಅಂತ ಕಳಿಸಿದರು. ಯಾರು ಎಲ್ಲಿ ಅಂತ ಹೇಳುವುದಿಲ್ಲ. ಮನೆಯವರು ಅದನ್ನೇ ನಂಬಿ ತಿಂಗಳುಗಟ್ಟಲೆ ಕಾದರು. ಕಡೆಗೆ ಮನೋವೈದ್ಯರು ಮಾತ್ರೆ ಕೊಟ್ಟು, ಜೊತೆಗೆ ಬಹಳ ದಿನ ಥೆರಪಿ ಮಾಡಿದ ಮೇಲೆ ನಾನು ಮನುಷ್ಯನಾದೆ.

"ಒಂದೇ ಸಲಕ್ಕೆ ಗುಣ" ಅಂತ ಬೋರ್ಡ್ ಹಾಕಿದರೆ ನನ್ನಂಥವರೂ ಅಲ್ಲಿಗೇ ಹೋಗುತ್ತಾರೆ. ಅವರ ಗತಿ ಏನು?

ಮೈಸೂರು ಆಪ್ತಸಮಾಲೋಚಕಿ

ರಾಘು ಅವರೇ, ನಿಮಗೆ ಆದದ್ದು ಯಾರಿಗೂ ಆಗಬಾರದು. ಸಿಕ್ಕಿದ್ದು ಒಂದು ತಾಸಿನ ಉಪದೇಶ, ಅದೂ ನಿಮ್ಮ ಸ್ಥಿತಿ ಎಷ್ಟು ಗಂಭೀರ ಅಂತ ಕೇಳದೆಯೇ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಬಾಯಿಬಿಟ್ಟು ಕೇಳುವುದು ಯಾವ ಭೇಟಿಯಲ್ಲೂ ತಪ್ಪಿಸಬಾರದ ಪ್ರಶ್ನೆ. ಉತ್ತರ ಹೌದು ಅಂತಾದರೆ ಉಳಿದ ಯೋಜನೆಯೆಲ್ಲ ಬದಿಗೆ. ಆ ಹೊತ್ತಿನಲ್ಲಿ ಮಾಡುವ ಕೆಲಸ ಒಂದೇ: ಅವರ ಸುರಕ್ಷತೆ ನೋಡುವುದು, ಮನೆಯವರನ್ನು ಸೇರಿಸಿಕೊಳ್ಳುವುದು, ಮನೋವೈದ್ಯರ ಹತ್ತಿರ ತಲುಪಿಸುವುದು. ಗುಣ ಮಾಡುತ್ತೇವೆ ಅಂತ ಬೋರ್ಡ್ ಹಾಕುವವರನ್ನು ಎಷ್ಟು ಸಲಕ್ಕೇ ಆಗಲಿ ನಂಬಬೇಡಿ.

ಪಿಎಚ್‌ಸಿ ಡಾಕ್ಟರ್

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ. ಟೀಚರ್ ಹೇಳಿದ ಹಾಳೆ ಬಹುಶಃ ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಮೊತ್ತ 5ರಿಂದ 9 ಬಂದರೆ ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಗಂಭೀರದ ಕಡೆ, 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ. ಒಂಬತ್ತನೇ ಪ್ರಶ್ನೆ ರಾಘು ಅವರು ಹೇಳಿದ ವಿಷಯವೇ, ಬದುಕುವುದೇ ಬೇಡ ಅನ್ನಿಸುವುದು. ಮೊತ್ತ ಎಷ್ಟೇ ಕಡಿಮೆ ಇರಲಿ, ಆ ಒಂದಕ್ಕೆ ಸೊನ್ನೆ ಬಿಟ್ಟು ಬೇರೆ ಬಂದರೆ ನಾನು ಕುರ್ಚಿ ಹತ್ತಿರ ಎಳೆದುಕೊಂಡು ಕೂರುತ್ತೇನೆ. ಆತಂಕಕ್ಕೆ ಇದೇ ರೀತಿ ಜಿಎಡಿ-7 ಅಂತ ಏಳು ಪ್ರಶ್ನೆಗಳ ಹಾಳೆ ಇದೆ.

ಟೀಚರ್, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿದ್ದೀರಾ? ಸುಸ್ತು, ಎದೆಬಡಿತ, ನಿದ್ದೆಗೇಡು ಇವುಗಳಿಂದಲೂ ಬರಬಹುದು. ಕಾಫಿ ಎಷ್ಟು ಕುಡಿಯುತ್ತೀರಿ ಅಂತಲೂ ನೋಡಿಕೊಳ್ಳಿ.

ಮಾತ್ರೆ ಈಗಲೇ ಬೇಡ ಅಂದದ್ದು ಸರಿಯಾಗಿದೆ. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ, ಕಡಿಮೆ ತೀವ್ರತೆಯ ಖಿನ್ನತೆಗೆ ರೋಗಿಯೇ ಬಯಸದ ಹೊರತು ಮೊದಲ ಚಿಕಿತ್ಸೆಯಾಗಿ ಮಾತ್ರೆ ಕೊಡುವುದನ್ನು ರೂಢಿ ಮಾಡಿಕೊಳ್ಳಬೇಡಿ ಅಂತಿದೆ.

ಇನ್ನೊಂದು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ನೂರಕ್ಕೆ 85 ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಆ ಸಮೀಕ್ಷೆಗೆ ಮೊದಲು ಪ್ರಯೋಗ ಮಾಡಿ ನೋಡಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ನನ್ನ ಓಪಿಡಿಯಲ್ಲಿ ದಿನಾ ಕಾಣುವುದೂ ಇದೇ. ಅವರು ತಲೆನೋವು, ಗ್ಯಾಸ್ಟ್ರಿಕ್, ಮೈಕೈ ನೋವು ಅಂತ ಬರುತ್ತಾರೆ. ಎಂಟು ವಾರದ ಥೆರಪಿ ಅಂದರೆ ತಲೆ ಆಡಿಸಿ ಹೋಗುತ್ತಾರೆ, ಮತ್ತೆ ಬರಲ್ಲ.

ಮೆಲ್ಬರ್ನ್ ಕನ್ನಡತಿ

ಟೀಚರ್, ನಿಮ್ಮ ಅಕ್ಕನೋ ತಂಗಿಯೋ ಹೇಳಿದ್ದು ನಿಜ. ನಾನು ಇಲ್ಲಿ ಸಮುದಾಯ ಆರೋಗ್ಯ ಕೇಂದ್ರವೊಂದರಲ್ಲಿ ಸಮಾಜಕಾರ್ಯಕರ್ತೆ. ಲಾ ಟ್ರೋಬ್ ವಿಶ್ವವಿದ್ಯಾಲಯಕ್ಕೆ ಸೇರಿದ ಬೂವರಿ ಸೆಂಟರ್ ಅಂತ ಇಲ್ಲಿದೆ. ಕುಟುಂಬ ಚಿಕಿತ್ಸೆಗೆ ಹೆಸರಾದ ಜಾಗ. ಈ ಪದ್ಧತಿಯನ್ನು ನಮ್ಮಂಥವರಿಗೆ ಕಲಿಸುವುದರಲ್ಲಿ ಅವರು ಮುಂದು. ಇದೇ ವಿಕ್ಟೋರಿಯಾ ರಾಜ್ಯದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಮೂರು ವರ್ಷದಲ್ಲಿ ಬಂದ ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ತೆಗೆದಾಗ ನೂರಕ್ಕೆ 42 ಮಂದಿ ಒಂದೇ ಸಲ ಬಂದಿದ್ದರು. ಟಾಲ್ಮನ್‌ಗೆ ಕಂಡದ್ದೇ ಇಲ್ಲೂ ಕಂಡಿತು.

ನಾವು ಮಾಡುವ ಕ್ರಮ ಹೀಗೆ. ಬರುವ ಮುಂಚೆ ಒಂದು ಸಣ್ಣ ಫಾರಂ ಕಳಿಸುತ್ತೇವೆ. ಯಾವ ವಿಷಯ ಮುಖ್ಯ, ಈಗಾಗಲೇ ಏನೇನು ಮಾಡಿ ನೋಡಿದ್ದೀರಿ, ಯಾವುದು ಸ್ವಲ್ಪವಾದರೂ ಕೆಲಸ ಮಾಡಿದೆ, ಇಷ್ಟೇ. ಇದನ್ನು ಬರೆಯುವಾಗಲೇ ಕೆಲವರಿಗೆ ಅರ್ಧ ದಾರಿ ಕಾಣುತ್ತೆ. ಆಮೇಲೆ ಭೇಟಿ. ಕೆಲವು ವಾರ ಬಿಟ್ಟು ನಾವೇ ಫೋನ್ ಮಾಡುತ್ತೇವೆ. "ಹೇಗಿದ್ದೀರಿ, ಇಷ್ಟು ಸಾಕಾ, ಇನ್ನೊಂದು ಸಲ ಬೇಕಾ?" ಬೇಕು ಅಂದರೆ ಬರುತ್ತಾರೆ. ಈ ಫೋನ್ ಇಲ್ಲದೆ ಮಾಡಿದರೆ ಅದಕ್ಕೆ ನಾನು ಬೆಲೆ ಕೊಡಲ್ಲ.

ಕೆನಡಾದ ಕ್ಯಾಲ್ಗರಿಯಲ್ಲಿ 1990ರಿಂದ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1969ರಿಂದಲೇ, ಅಪಾಯಿಂಟ್‌ಮೆಂಟ್ ಇಲ್ಲದೆ ನೇರ ಒಳಗೆ ಹೋಗಿ ಮಾತಾಡಿ ಬರುವ ಕೇಂದ್ರಗಳಿವೆ. ಜನ ತೀರಾ ಬೇಜಾರಾದ ದಿನವೇ ಬರುತ್ತಾರೆ. ಆರು ವಾರ ಕಾಯಿಸಿ ಕರೆದರೆ ಆ ದಿನದ ಹುಮ್ಮಸ್ಸು ಎಲ್ಲಿರುತ್ತೆ, ಅಲ್ವಾ?

ಸೈಕಾಲಜಿ ವಿದ್ಯಾರ್ಥಿ, ಬೆಂಗಳೂರು

ನಾನು ಎಂಎಸ್ಸಿ ಓದುತ್ತಿದ್ದೇನೆ. ಇದೇ ವಿಷಯದ ಮೇಲೆ ಸೆಮಿನಾರ್ ಕೊಡಬೇಕಿತ್ತು, ಅದಕ್ಕೇ ಸ್ವಲ್ಪ ಓದಿಕೊಂಡಿದ್ದೇನೆ.

ಟಾಲ್ಮನ್ ಅವರ ಅಂಕಿಗಳನ್ನು ಪುರಾವೆ ಅಂತ ತೆಗೆದುಕೊಳ್ಳಲು ಆಗಲ್ಲ. ಅದರಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಸೌಮ್ಯ ಖಿನ್ನತೆ ಏನೂ ಮಾಡದಿದ್ದರೂ ಕೆಲವರಲ್ಲಿ ತಾನಾಗಿ ಕಡಿಮೆಯಾಗುತ್ತೆ. ಚಿಕಿತ್ಸೆ ಕೊಟ್ಟವರೇ ಫೋನ್ ಮಾಡಿ ಕೇಳಿದರೆ "ಚೆನ್ನಾಗಿದ್ದೀನಿ" ಅಂತ ಹೇಳುವ ಸೌಜನ್ಯವೂ ಇರುತ್ತೆ.

ಗಟ್ಟಿ ಪ್ರಯೋಗಗಳು ಆಮೇಲೆ ಬಂದವು. ಅಮೆರಿಕದ ಜೆಸ್ಸಿಕಾ ಷ್ಲೈಡರ್ ಅವರ ತಂಡದ್ದು ಚೆನ್ನಾಗಿದೆ. ಕೋವಿಡ್ ಕಾಲದಲ್ಲಿ ಇನ್‌ಸ್ಟಾಗ್ರಾಂ ಮೂಲಕ ಖಿನ್ನತೆಯ ಲಕ್ಷಣ ಇದ್ದ 2452 ಹದಿಹರೆಯದವರನ್ನು ಸೇರಿಸಿಕೊಂಡರು. ಅರ್ಧ ಗಂಟೆಯ ಆನ್‌ಲೈನ್ ಪಾಠ, ಒಂದೇ ಸಲ. ಒಂದು ಗುಂಪಿಗೆ "ಮನುಷ್ಯ ಬದಲಾಗಬಲ್ಲ" ಅನ್ನುವ ತಿಳಿವಳಿಕೆ. ಇನ್ನೊಂದಕ್ಕೆ "ಮನಸ್ಸಿಗೆ ಹಿತ ಕೊಡುವ ಕೆಲಸ ಮೊದಲು ಮಾಡು, ಉತ್ಸಾಹ ಆಮೇಲೆ ಬರುತ್ತೆ" ಅನ್ನುವ ಪಾಠ. ಮೂರನೆಯದಕ್ಕೆ ಬರೀ ಭಾವನೆ ಹಂಚಿಕೊಳ್ಳುವುದು. ಮೂರು ತಿಂಗಳ ನಂತರ ನೋಡಿದರೆ ಮೊದಲ ಎರಡು ಗುಂಪಿನಲ್ಲಿ ಖಿನ್ನತೆ ಹೆಚ್ಚು ಇಳಿದಿತ್ತು. 2022ರಲ್ಲಿ ಪ್ರಕಟವಾಯಿತು. ವ್ಯತ್ಯಾಸ ಚಿಕ್ಕದು, ಆದರೆ ಇತ್ತು.

ಮಕ್ಕಳಿಂದ ದೊಡ್ಡವರವರೆಗೆ ಎಲ್ಲ ವಯಸ್ಸಿನವರನ್ನೂ ಸೇರಿಸಿ, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಹಿಂದಿನ 24 ವಿಮರ್ಶೆಗಳನ್ನು, ಅಂದರೆ ಅವುಗಳಲ್ಲಿದ್ದ 415 ಪ್ರಯೋಗಗಳನ್ನು, ಅದೇ ತಂಡ ಒಟ್ಟಿಗೆ ನೋಡಿದೆ. 24ರಲ್ಲಿ 20 ವಿಮರ್ಶೆಗಳು ಒಂದಲ್ಲ ಒಂದು ವಿಷಯದಲ್ಲಿ ಲಾಭ ಇದೆ ಅಂದಿವೆ. ಹಾಗಂತ ದೀರ್ಘ ಚಿಕಿತ್ಸೆಯ ಜಾಗದಲ್ಲಿ ಇದನ್ನು ಕೂರಿಸಲು ಆಗಲ್ಲ. ಏನೂ ಸಿಗದೆ ಕಾಯುವುದಕ್ಕಿಂತ ಇದು ಮೇಲು, ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಧಾರವಾಡದ ರಾಘು

ತಮ್ಮಾ, ಚಲೋ ಬರೆದಿ. ಒಂದು ಸಂಶಯ. ಟಾಲ್ಮನ್ ಇದ್ದದ್ದು ಮುಂಗಡ ಹಣ ಕಟ್ಟಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆಯಲ್ಲಿ ಅಲ್ಲೇನು? ರೋಗಿ ಕಡಿಮೆ ಸಲ ಬಂದಷ್ಟೂ ಸಂಸ್ಥೆಗೆ ಲಾಭ. ನಾಳೆ ಇಲ್ಲಿನ ಇನ್ಶೂರೆನ್ಸ್ ಕಂಪನಿಯವರು, ಆಫೀಸಿನವರು "ಒಂದೇ ಸಾಕಂತೆ, ಸಂಶೋಧನೆ ಆಗಿದೆ" ಅಂತ ಹೇಳಿ ಉಳಿದದ್ದಕ್ಕೆ ಬಾಗಿಲು ಹಾಕಿದರೆ?

ಸೈಕಾಲಜಿ ವಿದ್ಯಾರ್ಥಿ, ಬೆಂಗಳೂರು

ಹೌದು ಅಣ್ಣಾ, ಕೈಸರ್ ಅಂಥ ಸಂಸ್ಥೆಯೇ. ನಿಮ್ಮ ಭಯ ಸರಿಯಾದದ್ದು. ಎಷ್ಟು ಸಲ ಬೇಕು ಅನ್ನುವುದನ್ನು ಬಂದವರೇ ತೀರ್ಮಾನಿಸಬೇಕು. ಹಣ ಕೊಡುವವರು ತೀರ್ಮಾನಿಸಿದ ದಿನ ಅದು ಈ ಪದ್ಧತಿ ಆಗಿ ಉಳಿಯಲ್ಲ, ಬರೀ ಕಡಿತ ಆಗುತ್ತೆ.

ಗೋವಾದ ಉದಾಹರಣೆ ನೋಡಿ. ಅಲ್ಲಿ ಖಿನ್ನತೆ ಜಾಸ್ತಿ ಇದ್ದವರಿಗೆ, ಊರಿನವರನ್ನೇ ತರಬೇತು ಮಾಡಿ, ಆರರಿಂದ ಎಂಟು ಭೇಟಿ ಕೊಡಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ನಡೆಯಿತು, ಕೆಲಸವೂ ಮಾಡಿತು. 2017ರಲ್ಲಿ ಪ್ರಕಟವಾದ ಪ್ರಯೋಗ ಅದು. ತೊಂದರೆ ಜಾಸ್ತಿ ಇದ್ದರೆ ಜಾಸ್ತಿ ಕೊಡಬೇಕು, ಅದನ್ನೂ ಹತ್ತಿರದಲ್ಲೇ ಕೊಡಲು ಸಾಧ್ಯ ಅಂತ ಅದು ತೋರಿಸಿದೆ.

ತಿಪಟೂರು ಟೀಚರ್

ಎಲ್ಲರ ಉತ್ತರವನ್ನೂ ಓದಿದೆ, ತುಂಬಾ ಉಪಕಾರ. ಡಾಕ್ಟರ್ ಸರ್, ಹಿಮೋಗ್ಲೋಬಿನ್ ನೋಡಿದ್ದಾರೆ, ಥೈರಾಯ್ಡ್ ನೋಡಿಲ್ಲ. ಮಾಡಿಸುತ್ತೇನೆ. ಒಂಬತ್ತನೇ ಪ್ರಶ್ನೆಗೆ ನನ್ನದು ಸೊನ್ನೆಯೇ.

ಮೇಡಂ, ಆ ಒಂದು ಗಂಟೆಯಲ್ಲಿ ನಿಜವಾಗಿ ಏನು ನಡೆಯುತ್ತೆ ಅಂತ ಬಿಡಿಸಿ ಹೇಳುತ್ತೀರಾ? ನನಗೆ ಒಳಗೆ ಹೋಗಿ ಕೂತು ಏನು ಹೇಳಬೇಕು ಅನ್ನುವುದೇ ದಿಗಿಲು. ಎಲ್ಲಿಂದ ಶುರುಮಾಡೋದು?

ಮೈಸೂರು ಆಪ್ತಸಮಾಲೋಚಕಿ

ಒಂದು ಭೇಟಿ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಮತ್ತೆ ಅವರ ಒಪ್ಪಿಗೆಯೂ ಇದೆ.

ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಬಡ್ತಿ ಸಿಕ್ಕಿ ಸಾಲ ವಿಭಾಗಕ್ಕೆ ಬಂದಿದ್ದರು. ಸೋಮವಾರದ ಮೀಟಿಂಗ್ ಅಂದರೆ ಭಾನುವಾರ ಮಧ್ಯಾಹ್ನದಿಂದಲೇ ಹೊಟ್ಟೆ ತೊಳಸುತ್ತಿತ್ತು. ಮೀಟಿಂಗಿನಲ್ಲಿ ಬಾಯಿ ಒಣಗಿ ಮಾತು ಬರುತ್ತಿರಲಿಲ್ಲ. ಬಂದು ಕೂತವರೇ ಚಿಕ್ಕಂದಿನಿಂದ ಹೇಳಲು ಶುರುಮಾಡಿದರು. ಸ್ವಲ್ಪ ಕೇಳಿಸಿಕೊಂಡು ಕೇಳಿದೆ: "ಇವತ್ತು ಇಲ್ಲಿಂದ ಎದ್ದು ಹೋಗುವಾಗ ಏನು ಸಿಕ್ಕಿದ್ದರೆ, ಬಂದದ್ದಕ್ಕೂ ಸಾರ್ಥಕ ಅನ್ನಿಸುತ್ತೆ?" ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಸೋಮವಾರ ನಾಲ್ಕು ಮಾತು ಆಡಲು ಆಗಬೇಕು" ಅಂದರು. ಆ ಹೊತ್ತಿನಿಂದ ನಮ್ಮ ಕೆಲಸ ಆ ನಾಲ್ಕು ಮಾತು. ಬಾಲ್ಯ, ಅತ್ತೆಮನೆ, ಮಗನ ಓದು ಎಲ್ಲ ಮುಖ್ಯವೇ, ಆದರೆ ಅವತ್ತಿಗಲ್ಲ.

"ಸೊನ್ನೆಯಿಂದ ಹತ್ತರಲ್ಲಿ ಈಗ ಎಲ್ಲಿದ್ದೀರಿ?" ಅಂದೆ. ಮೂರು ಅಂದರು. "ಮೂರು ಹೇಗೆ? ಒಂದು ಯಾಕಲ್ಲ?" ಅಂತ ಕೇಳಿದೆ. ಜನ ಈ ಪ್ರಶ್ನೆಗೆ ತಬ್ಬಿಬ್ಬಾಗುತ್ತಾರೆ. ಯಾಕಂದರೆ ಇರುವುದನ್ನು ಯಾರೂ ಕೇಳಿರುವುದಿಲ್ಲ. ಅವರು ಯೋಚಿಸಿ, "ಕೌಂಟರಿನಲ್ಲಿ ಗ್ರಾಹಕರ ಜೊತೆ ಮಾತಾಡುವಾಗ ಏನೂ ಆಗಲ್ಲ" ಅಂದರು. ಅಲ್ಲಿ ಏನು ಬೇರೆ? ಕೈಯಲ್ಲಿ ಕಾಗದ ಇರುತ್ತೆ, ಒಬ್ಬರನ್ನೇ ನೋಡಿ ಮಾತಾಡುತ್ತಾರೆ, ನಿಂತಿರುತ್ತಾರೆ. ಹಾಗಾದರೆ ಮೀಟಿಂಗಿನಲ್ಲೂ ಕೈಯಲ್ಲಿ ಕಾಗದ ಹಿಡಿದು, ಪರಿಚಯದ ಒಬ್ಬರ ಮುಖ ನೋಡಿ, ಮೊದಲ ವಾಕ್ಯ ಓದಿಬಿಡುವುದು. ಅದನ್ನು ಅಲ್ಲೇ ಎದ್ದು ನಿಂತು ಮಾಡಿ ನೋಡಿದರು. ಮೊದಲ ಸಲ ಧ್ವನಿ ನಡುಗಿತು. ಆಮೇಲಾಮೇಲೆ ನಡುಕ ಇದ್ದೂ ಮಾತು ಮುಂದೆ ಹೋಯಿತು. ನಡುಕ ಪೂರ್ತಿ ಹೋಗಲಿ ಅಂತ ಕಾಯುವ ಅಗತ್ಯ ಇಲ್ಲ ಅಂತ ಅವರಿಗೇ ಗೊತ್ತಾಯಿತು. ನನ್ನ ಪ್ರಕಾರ ಆ ಗಂಟೆಯ ಸತ್ವ ಇದೇ, ಉಪಾಯವನ್ನು ಅಲ್ಲೇ ಮಾಡಿ ನೋಡುವುದು.

ಕೊನೆಯ ಹತ್ತು ನಿಮಿಷ ಒಂದು ಚೀಟಿಗೆ. ಅವರ ಕೈಯಲ್ಲೇ, ಅವರ ಮಾತಲ್ಲೇ ಬರೆಯಬೇಕು. ಭಾನುವಾರ ಸಂಜೆ ಏನು, ಸೋಮವಾರ ಬೆಳಿಗ್ಗೆ ಏನು, ಎದೆ ಹೊಡೆದುಕೊಂಡರೆ ಏನು, ಆಗದೇ ಹೋದರೆ ಯಾರಿಗೆ ಫೋನ್. ಮೂರು ವಾರ ಬಿಟ್ಟು ನಾನೇ ಕರೆ ಮಾಡಿದೆ. ಮೂರು ಈಗ ಐದಾಗಿದೆ, ಸದ್ಯಕ್ಕೆ ಸಾಕು ಅಂದರು. ಹತ್ತು ಆಗಬೇಕು ಅಂತ ಇಬ್ಬರಿಗೂ ಹಟ ಇರಲಿಲ್ಲ.

ಹಾಗಾಗಿ ಟೀಚರ್, ಎಲ್ಲಿಂದ ಶುರುಮಾಡಬೇಕು ಅಂತ ನೀವು ಒದ್ದಾಡಬೇಡಿ. ಬಸ್ಸಿನಲ್ಲಿ ಹೋಗುವಾಗ ಒಂದೇ ವಿಷಯ ಆರಿಸಿಕೊಳ್ಳಿ. ಬೆಳಗಿನ ಜಾವದ ಎಚ್ಚರ ಆಗಬಹುದು, ಬಿಟ್ಟುಹೋದ ಸಂಗೀತ ಕ್ಲಾಸ್ ಆಗಬಹುದು. ನಾನಾಗಿದ್ದರೆ ಸಂಗೀತದಿಂದ ಶುರುಮಾಡುತ್ತಿದ್ದೆ. ಮನಸ್ಸು ಬಂದ ಮೇಲೆ ಕ್ಲಾಸಿಗೆ ಹೋಗೋಣ ಅಂತ ಕೂತರೆ ಮನಸ್ಸು ಬರುವುದೇ ಇಲ್ಲ. ವಿದ್ಯಾರ್ಥಿ ಮಿತ್ರರು ಹೇಳಿದ ಎರಡನೇ ಪಾಠ ಅದೇ.

ಉಡುಪಿಯ ಶೆಟ್ರು

ಒಂದು ಕೇಳುವುದಿತ್ತು. ನಮ್ಮ ಸಂಬಂಧಿಕರ ಹುಡುಗ ಹೋದ ವಾರ ಬೈಕ್ ಅಪಘಾತ ಕಣ್ಣಾರೆ ನೋಡಿದ, ಜೊತೆಗಿದ್ದ ಸ್ನೇಹಿತ ಹೋಗಿಬಿಟ್ಟ. ಅವನನ್ನು ಕೂಡಲೇ ಇಂಥ ಒಂದು ಸೆಷನ್ನಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿಸಿಬಿಟ್ಟರೆ ಮನಸ್ಸು ಹಗುರ ಆಗಬಹುದಾ?

ಸೈಕಾಲಜಿ ವಿದ್ಯಾರ್ಥಿ, ಬೆಂಗಳೂರು

ದಯವಿಟ್ಟು ಬೇಡ ಶೆಟ್ರೇ. ಆಘಾತ ಆದ ಕೂಡಲೇ ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಬಹಳ ಚಾಲ್ತಿಯಲ್ಲಿತ್ತು. ಅದಕ್ಕೆ ಡಿಬ್ರೀಫಿಂಗ್ ಅನ್ನುತ್ತಿದ್ದರು. ಕಾಕ್ರೇನ್ ಸಂಸ್ಥೆಯವರು ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಅದರಿಂದ ಮುಂದಿನ ತೊಂದರೆ ತಪ್ಪಲಿಲ್ಲ, ಕೆಲವರಲ್ಲಿ ಹೆಚ್ಚಾದ ಸೂಚನೆಯೂ ಇತ್ತು. ಈಗ ಅದನ್ನು ಮಾಡಬೇಡಿ ಅಂತಲೇ ಸಲಹೆ.

ಸದ್ಯಕ್ಕೆ ಊಟ, ನಿದ್ದೆ, ಜೊತೆಗೆ ಒಬ್ಬರು ಇರುವುದು. ಅವನಾಗಿ ಮಾತಾಡಿದರೆ ಕೇಳಿ, ಕೆದಕಬೇಡಿ. ಒಂದು ತಿಂಗಳಾದರೂ ಬೆಚ್ಚಿಬೀಳುವುದು, ಕೆಟ್ಟ ಕನಸು, ಆ ರಸ್ತೆಗೇ ಹೋಗದಿರುವುದು ನಿಲ್ಲದಿದ್ದರೆ ಮನೋವೈದ್ಯರಿಗೆ ತೋರಿಸಿ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಹಲವು ಭೇಟಿ ಬೇಕಾಗುತ್ತೆ. ಸಾಯಬೇಕು ಅನ್ನುವ ಮಾತು ಬಂದರೆ ಮಾತ್ರ ತಿಂಗಳು ಕಾಯಬೇಡಿ, ಆ ದಿನವೇ ಹೋಗಿ.

ನಾಯಿಗೆ ಹೆದರುವ ಸುರೇಶ

ನನ್ನದು ಖಿನ್ನತೆ ಅಲ್ಲ, ಬೀದಿನಾಯಿ ಭಯ. ಬೆಳಿಗ್ಗೆ ಹಾಲಿಗೆ ಹೋಗಲೂ ಕಷ್ಟ. ಇದಕ್ಕೂ ಒಂದೇ ಸಲದ್ದು ಇದೆಯಾ?

ಮೈಸೂರು ಆಪ್ತಸಮಾಲೋಚಕಿ

ಇದೆ ಸುರೇಶ್ ಅವರೇ, ಅದು ಸ್ವಲ್ಪ ಬೇರೆ ರೀತಿಯದು. ಸ್ವೀಡನ್ನಿನ ಲಾರ್ಸ್-ಯೋರನ್ ಓಸ್ಟ್ ಅನ್ನುವವರು 1989ರಲ್ಲೇ ಇದನ್ನು ಪ್ರಕಟಿಸಿದ್ದಾರೆ. ಹಾವು, ಜೇಡ, ನಾಯಿ, ಸೂಜಿ ಹೀಗೆ ಒಂದೇ ವಸ್ತುವಿನ ಭಯ ಇದ್ದರೆ, ಮೂರು ಗಂಟೆಯವರೆಗಿನ ಒಂದೇ ಭೇಟಿಯಲ್ಲಿ ಹಂತ ಹಂತವಾಗಿ ಹತ್ತಿರ ಹೋಗುವುದನ್ನು ಮಾಡಿಸುತ್ತಾರೆ. ನಿಮ್ಮ ಒಪ್ಪಿಗೆ ಇಲ್ಲದೆ ಒಂದು ಹೆಜ್ಜೆಯೂ ಮುಂದಿಡಿಸಲ್ಲ. ಸಾಧು ನಾಯಿ ಇರುವ ಕಡೆ, ಇದರಲ್ಲಿ ತರಬೇತಿ ಆದವರ ಹತ್ತಿರ ಮಾತ್ರ ಮಾಡಿಸಿ. ಬೀದಿನಾಯಿಗೆ ನಿಜವಾಗಿ ಹುಷಾರಾಗಿರಬೇಕು, ಅದು ಬೇರೆ ವಿಷಯ.

ಪಾಶ್ಚಾತ್ಯ ಸಂಗೀತ ಪ್ರೇಮಿ

ಒಂದು ಹಳೇ ಸಂಗತಿ ನೆನಪಾಯಿತು. ಸಂಗೀತ ರಚನಕಾರ ಗುಸ್ತಾವ್ ಮಾಹ್ಲರ್ ಸಂಸಾರದ ಚಿಂತೆಯಲ್ಲಿ ಕಂಗೆಟ್ಟು 1910ರ ಆಗಸ್ಟಿನಲ್ಲಿ ಹಾಲೆಂಡಿನ ಲೈಡನ್ ಊರಿಗೆ ಹೋಗಿ ಸಿಗ್ಮಂಡ್ ಫ್ರಾಯ್ಡ್‌ರನ್ನು ಕಂಡರು. ಊರಿನ ಬೀದಿಗಳಲ್ಲಿ ಸುಮಾರು ನಾಲ್ಕು ಗಂಟೆ ನಡೆಯುತ್ತಾ ಮಾತಾಡಿದರು. ಅದೊಂದೇ ಭೇಟಿ. ವರ್ಷಗಟ್ಟಲೆ ನಡೆಯುವ ಮನೋವಿಶ್ಲೇಷಣೆಗೆ ಹೆಸರಾದವರೇ ಹೀಗೂ ಮಾಡಿದ್ದರು ಅಂತ ಓದಿದಾಗ ನನಗೆ ಬಹಳ ಇಷ್ಟವಾಗಿತ್ತು.

ಹಾಸನದ ಮಗಳು

ನನ್ನ ಅಪ್ಪನ ವಿಷಯ. ನಿವೃತ್ತಿ ಆದ ಮೇಲೆ ಮಂಕಾಗಿದ್ದಾರೆ. ಪೇಪರ್ ಸಹ ಓದಲ್ಲ. ಡಾಕ್ಟರ್ ಸೌಮ್ಯ ಅಂದಿದ್ದಾರೆ. "ನನಗೇನು ಹುಚ್ಚಾ" ಅಂತ ಕೌನ್ಸೆಲಿಂಗ್‌ಗೆ ಒಪ್ಪಿರಲಿಲ್ಲ. ಈ ಚರ್ಚೆ ಓದಿ ಹೇಳಿದೆ. "ಒಂದು ಸಲ ಅಂದ್ರೆ ಬರ್ತೀನಿ" ಅಂದರು. ಕನ್ನಡದಲ್ಲೇ ಮಾತಾಡುವವರು ಬೇಕು. ಈ ಪದ್ಧತಿ ಮಾಡುವವರನ್ನು ಹುಡುಕುವುದು ಹೇಗೆ?

ಪಿಎಚ್‌ಸಿ ಡಾಕ್ಟರ್

ಮೊದಲು 14416ಕ್ಕೆ ಕರೆ ಮಾಡಿಸಿ ನೋಡಮ್ಮ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಇದರ ಉನ್ನತ ಕೇಂದ್ರ ನಿಮ್ಹಾನ್ಸ್. ಹೆಚ್ಚಿನ ಸಹಾಯ ಬೇಕಾದರೆ ಅವರೇ ಮುಂದಿನವರಿಗೆ ಕಳಿಸುತ್ತಾರೆ. ಜಿಲ್ಲಾಸ್ಪತ್ರೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಘಟಕ ಇರುತ್ತೆ, ವಿಚಾರಿಸಿ. ಮತ್ತೆ ಒಂದು, ಈ ವಯಸ್ಸಿನಲ್ಲಿ ಮಂಕಾಗಿದ್ದರೆ ಮರೆವು ಇದೆಯಾ, ಕಿವಿ ಕೇಳಿಸುತ್ತಾ, ಬೇರೆ ಯಾವ ಮಾತ್ರೆ ತಿನ್ನುತ್ತಿದ್ದಾರೆ, ಇದನ್ನೂ ನೋಡಿಸಿಕೊಳ್ಳಿ.

ಮೈಸೂರು ಆಪ್ತಸಮಾಲೋಚಕಿ

ಈ ಹೆಸರಿನ ಬೋರ್ಡ್ ಹುಡುಕಬೇಡಮ್ಮ. ಒಳ್ಳೆಯ ಕೌನ್ಸೆಲರ್ ಒಬ್ಬರಿಗೆ ಫೋನ್ ಮಾಡಿ ನೇರವಾಗಿ ಹೇಳು: "ನಮ್ಮ ತಂದೆ ಸದ್ಯ ಒಂದು ಸಲ ಬರಲು ಒಪ್ಪಿದ್ದಾರೆ. ಆ ಒಂದು ಸಲದಲ್ಲೇ ಅವರಿಗೆ ಏನಾದರೂ ಸಿಗುವ ಹಾಗೆ ಮಾಡುತ್ತೀರಾ? ಆಮೇಲೆ ಒಂದು ಫೋನ್ ಮಾಡಿ ವಿಚಾರಿಸುತ್ತೀರಾ?" ಎರಡಕ್ಕೂ ಹೌದು ಅಂದರೆ ಕರೆದುಕೊಂಡು ಹೋಗು. ಏನು ಓದಿದ್ದಾರೆ, ಎಲ್ಲಿ ತರಬೇತಿ ಅಂತ ಕೇಳಲು ಸಂಕೋಚ ಬೇಡ. ಬೇಜಾರು ಮಾಡಿಕೊಳ್ಳುವವರಾದರೆ ಬೇರೆಯವರನ್ನು ನೋಡು. ಟೀಚರ್, ತುಮಕೂರಿನವರಿಗೆ ನೀವೂ ಹೀಗೇ ಕೇಳಿ. ವಿಡಿಯೋ ಕರೆಯಲ್ಲಿ ಆಗುತ್ತಾ ಅಂತಲೂ ಕೇಳಿ, ಬಸ್ಸಿನ ತೊಂದರೆಯೂ ತಪ್ಪುತ್ತೆ.

ಅಪ್ಪನ ಪರವಾಗಿ ನೀನು ಮಾತಾಡಬೇಡ. "ಅವರು ಹೀಗಾಗಿದ್ದಾರೆ, ಹಾಗಾಗಿದ್ದಾರೆ" ಅಂತ ಮಕ್ಕಳು ಪಟ್ಟಿ ಓದಿದರೆ ದೊಡ್ಡವರು ಬಾಯಿ ಮುಚ್ಚಿಕೊಳ್ಳುತ್ತಾರೆ. ನೀನು ಹೇಳಬೇಕಾದದ್ದನ್ನು ಫೋನಿನಲ್ಲೇ ಹೇಳಿರು. ಒಂದು ಸಲ ಹೋಗಿ ಬಂದರೆ ಎಲ್ಲ ಸರಿಹೋಗುತ್ತೆ ಅಂತ ಅಪ್ಪನಿಗೆ ಮಾತು ಕೊಡಬೇಡ. "ಒಂದು ಸಲ ಮಾತಾಡಿ ನೋಡಿ, ಮುಂದಿನದ್ದು ನಿಮ್ಮ ಇಷ್ಟ" ಅಂತ ಮಾತ್ರ ಹೇಳು.

ಧಾರವಾಡದ ರಾಘು

ತಂಗೀ, ಮುಂದೆ ನಾಲ್ಕೈದು ವಾರ ಆದರೂ ಅಪ್ಪ ಪೇಪರ್ ಮುಟ್ಟದಿದ್ದರೆ, ಊಟ ನಿದ್ದೆ ಇನ್ನೂ ಕೆಟ್ಟರೆ, ಒಂದು ಸಲ ಆಯಿತಲ್ಲ ಅಂತ ಸುಮ್ನೆ ಕೂಡಬ್ಯಾಡ. ಆಗ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗು. ಬರಲು ಒಪ್ಪದಿದ್ದರೆ ನನಗೆ ಇಲ್ಲಿ ಸಂದೇಶ ಹಾಕು. ನಾನು ಅವರ ಜೊತೆ ಮಾತಾಡುತ್ತೇನೆ, ಮಾತ್ರೆ ತೊಗೊಂಡವರು ಹೇಳಿದರೆ ಕೇಳಬಹುದು.

ಹಾಸನದ ಮಗಳು

ಆಗಲಿ ಅಣ್ಣ. ಇವತ್ತು ಸಂಜೆ 14416ಕ್ಕೆ ಅಪ್ಪನ ಕೈಯಲ್ಲೇ ಫೋನ್ ಮಾಡಿಸುತ್ತೇನೆ. ಒಬ್ಬ ಕೌನ್ಸೆಲರ್ ನಂಬರ್ ಕೂಡ ಸಿಕ್ಕಿದೆ. ಮೇಡಂ ಹೇಳಿದ ಎರಡೂ ಪ್ರಶ್ನೆ ಕೇಳಿ, ಶನಿವಾರಕ್ಕೆ ಸಮಯ ಸಿಗುತ್ತಾ ನೋಡುತ್ತೇನೆ.